ಪದವಿ ವಿಜ್ಞಾನದ ಹೊಸ್ತಿಲಲ್ಲಿ ಗಡಿನಾಡಿನ ಮಕ್ಕಳು

ತಮಿಳುನಾಡಿನ ಹೊಸೂರಿಗೆ ತಾಗಿಕೊಂಡಿರುವ ಮತ್ತಿಗಿರಿ ಕಾಸರಗೋಡಿನ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದು. 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾಗಿ ಮುಂದೆ ಜಾನುವಾರು ಕ್ಷೇತ್ರವಾದ ವಿಶಾಲ ಭೂಮಿ ಇಲ್ಲಿದೆ. ಕೋಳಿ ಸಾಕಣೆಯ ತಂತ್ರಜ್ಞಾನದಲ್ಲಿ ಪದವಿ ನೀಡುವ, ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾನಿಲಯದ ಕಾಲೇಜೂ ಇಲ್ಲಿಯೇ ಇದೆ. ವಿಜ್ಞಾನವೇನೋ ಊರ ಬಾಗಿಲಿಗೆ ಬಂದಿದೆ. ಆದರೆ ಸುತ್ತಿನ ಕನ್ನಡ ಮನೆಗಳ ಮಕ್ಕಳಿಗೆ ಆ ಹೊಸ್ತಿಲು ದಾಟುವುದು ಎಷ್ಟು ಸುಲಭ? ಇದು ಮತ್ತಿಗಿರಿಯ ಪ್ರಶ್ನೆ ಮಾತ್ರವಲ್ಲ, ಕಾಸರಗೋಡಿನ ಪ್ರಶ್ನೆಯೂ ಹೌದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸಿನಲ್ಲಿ ಉಳಿಯಿತು, ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮೆರಡು ಕಡೆಯ ಮಕ್ಕಳ ಹಣೆಬರಹ ಹೆಚ್ಚುಕಡಿಮೆ ಒಂದೇ.

ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ನಾವು ಕಂಡ ಸಂಗತಿಯಿದು. ಹತ್ತನೆಯ ತರಗತಿಯವರೆಗೆ ಚುರುಕಾಗಿದ್ದ ಹುಡುಗ ಪ್ಲಸ್ ಟುವನ್ನು ಹೇಗೋ ಕಂಠಪಾಠದಿಂದ ದಾಟುತ್ತಾನೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಮುಗ್ಗರಿಸುತ್ತಾನೆ. ಅವನಿಗೆ ವಿಜ್ಞಾನ ಬಾರದೆಂದಲ್ಲ. 'ವೇಗೋತ್ಕರ್ಷ' ಎಂದರೇನೆಂದು ಚೆನ್ನಾಗಿ ಬಲ್ಲ ಹುಡುಗನೇ 'ಆಕ್ಸಿಲರೇಷನ್' ಎಂದಾಗ ಅತ್ತಿತ್ತ ನೋಡುತ್ತಾನೆ. 'ಉತ್ಕರ್ಷಣ, ಅಪಕರ್ಷಣ' ಕಲಿತವಳು 'ಆಕ್ಸಿಡೇಷನ್, ರಿಡಕ್ಷನ್' ಎಂಬುದು ಯಾವುದೋ ಹೊಸ ಪಾಠವೆಂದು ಹೆದರುತ್ತಾಳೆ. ತಿಳಿದ ವಿಷಯವೇ ವೇಷ ಬದಲಿಸಿ ಬಂದಿದೆ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ.

ಹೊಸೂರು ಭಾಗದ ಮಕ್ಕಳಿಗೆ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಕನ್ನಡದ 'ಜಡತ್ವ' ಮಲಯಾಳದಲ್ಲಿಯೂ 'ಜಡತ್ವಂ' ಆಗಿದೆ. ತಮಿಳಿನಲ್ಲಿ ಅದು 'ನಿಲೈಮಂ'. 'ದ್ಯುತಿ ಸಂಶ್ಲೇಷಣೆ' ಮಲಯಾಳದಲ್ಲಿ 'ಪ್ರಕಾಶಸಂಶ್ಲೇಷಣಂ', ತಮಿಳಿನಲ್ಲಿ 'ಒಳಿಚ್ಚೇರ್ಕೈ'. ಕಾಸರಗೋಡಿನ ಮಗು ಊಹಿಸಿ ಹಿಡಿಯಬಹುದಾದ ಮಾತು ಮತ್ತಿಗಿರಿಯ ಮಗುವಿಗೆ ತೀರ ಹೊಸದು. ತಮಿಳುನಾಡಿನ 2006ರ ಕಾಯಿದೆಯಂತೆ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳು ಕಲಿಯುತ್ತಿದ್ದಾರಲ್ಲ ಎನ್ನಬಹುದು. ಭಾಷಾಪಾಠದ ತಮಿಳು ಬೇರೆ, ರಸಾಯನಶಾಸ್ತ್ರದ ತಮಿಳು ಬೇರೆ.

ಮೇಲಿನಿಂದ ಸಹಾಯ ಬಂದಿಲ್ಲವೆಂದಲ್ಲ. ಇಂಗ್ಲಿಷ್ ಮಾಧ್ಯಮದ ಪದವಿಯಾದರೂ ವಿದ್ಯಾರ್ಥಿಗಳು ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿರೆಂದು 2023ರ ಏಪ್ರಿಲಿನಲ್ಲಿ ಯು.ಜಿ.ಸಿ. ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ಒಳ್ಳೆಯ ಮಾತೇ. ಆದರೆ ಹೊಸೂರಿನಲ್ಲಿ 'ಸ್ಥಳೀಯ' ಎಂದರೆ ತಮಿಳು, ಕಾಸರಗೋಡಿನಲ್ಲಿ ಮಲಯಾಳ ಎಂದೇ ಅರ್ಥವಾದರೆ ನಮ್ಮ ಮಕ್ಕಳ ಪಾಲಿಗೆ ಅದು ಕನ್ನಡಿಯೊಳಗಿನ ಗಂಟು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲಿಯೂ ನಡೆಯುತ್ತಿದೆಯಾದರೂ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಿಗೇ ಮೀಸಲು. ಗಡಿಯಾಚೆಯ ಕನ್ನಡಿಗನು ಕನ್ನಡದಲ್ಲಿ ಬರೆಯಲು ಗಡಿ ದಾಟಿ ಹೋಗಬೇಕು!

"ಇಷ್ಟೆಲ್ಲ ಯಾಕೆ ಮಾಸ್ಟ್ರೇ, ಮೊದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರಾಗದೆ?" ಎಂದು ಹೆತ್ತವರು ಕೇಳುವುದುಂಟು. ಅವರ ಆತಂಕ ನ್ಯಾಯವಾದದ್ದು. ಆದರೆ ಅರ್ಥವಾಗದ ಭಾಷೆಯಲ್ಲಿ ಉರು ಹೊಡೆದದ್ದು ಪರೀಕ್ಷೆಯ ಮರುದಿನ ಉಳಿಯದು. ತಾಯ್ನುಡಿಯಲ್ಲಿ ಅರ್ಥವಾದದ್ದಕ್ಕೆ ಹೊಸ ಹೆಸರು ಕಲಿಯುವುದು ಕೆಲವು ವಾರಗಳ ಕೆಲಸ. ಆ ಕೆಲವು ವಾರಗಳನ್ನು ಕೊಡುವವರಿಲ್ಲದಿರುವುದೇ ನಮ್ಮ ಕೊರತೆ. ಮಕ್ಕಳು ಕಡಿಮೆಯಾದರೆ ಕನ್ನಡ ಶಾಲೆಯೇ ಮುಚ್ಚುತ್ತದೆ ಎಂಬುದನ್ನೂ ನಾವು ಮರೆಯಬಾರದು.

ಕನ್ನಡಕ್ಕೆ ವಿಜ್ಞಾನ ಹೇಳುವ ಶಕ್ತಿಯಿಲ್ಲ ಎಂಬ ಮಾತಂತೂ ಸಲ್ಲದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಅದೇ ಕಾಲಕ್ಕೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿ ಪದವಿ ಶಿಕ್ಷಣಕ್ಕೆ ಕೈಹಾಕಿ, ಅದಕ್ಕಾಗಿ ಭಾಷಾಂತರ ವಿಭಾಗವನ್ನೇ ತೆರೆಯಿತು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು ಒಬ್ಬರೇ ಬರೆದರು.

ಹಾಗಾದರೆ ಕಾಲೇಜುಗಳು ಮಾಡಬೇಕಾದದ್ದೇನು? ಮೊದಲನೆಯದಾಗಿ, ತರಗತಿ ಆರಂಭಕ್ಕೆ ಮುನ್ನ ನಾಲ್ಕಾರು ವಾರಗಳ ಪೂರ್ವಸಿದ್ಧತಾ ಪಾಠ. ಕನ್ನಡ, ಇಂಗ್ಲಿಷ್, ರಾಜ್ಯಭಾಷೆ ಹೀಗೆ ಮೂರು ಸಾಲುಗಳ ಪದಪಟ್ಟಿಯೊಂದು ಕೈಗೆ ಸಿಕ್ಕಿದರೆ ಅರ್ಧ ಭಯ ಹೋಗುತ್ತದೆ. ಎರಡನೆಯದಾಗಿ, ಉಪನ್ಯಾಸಕ್ಕಿಂತ ಮೊದಲು ಪ್ರಯೋಗ. ಬ್ಯೂರೆಟ್ಟಿನಿಂದ ಹನಿ ಬಿದ್ದು ಬಣ್ಣ ಬದಲಾಗುವುದನ್ನು ನೋಡಲು ಭಾಷೆ ಬೇಕಿಲ್ಲ. ನೋಡಿದ ಮೇಲೆ ಹೆಸರು ತಾನಾಗಿ ನಿಲ್ಲುತ್ತದೆ. ಮೂರನೆಯದಾಗಿ, ಮಕ್ಕಳು ಗುಂಪಾಗಿ ಕುಳಿತು ತಮ್ಮ ಮಾತಿನಲ್ಲೇ ಚರ್ಚಿಸಲು ಬಿಡಬೇಕು. ಪದವಿ ವಿಜ್ಞಾನ ಬೋಧನೆಯ ಬಗೆಗಿನ 225 ಅಧ್ಯಯನಗಳನ್ನು ಅಮೆರಿಕದ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಮಕ್ಕಳೇ ಚರ್ಚಿಸಿ, ಲೆಕ್ಕ ಬಿಡಿಸಿ ಕಲಿಯುವ ತರಗತಿಗಳಿಗಿಂತ ಬರಿಯ ಉಪನ್ಯಾಸ ಕೇಳುವ ತರಗತಿಗಳಲ್ಲಿ ನಪಾಸಾಗುವ ಸಂಭವ ಒಂದೂವರೆ ಪಟ್ಟು ಎಂದು ಕಂಡುಬಂತು. ಇದರಿಂದ ಬರಿಯ ಕನ್ನಡದ ಮಕ್ಕಳಿಗಲ್ಲ, ಹಳ್ಳಿಯಿಂದ ಬಂದ ತಮಿಳು, ತೆಲುಗು, ಮಲಯಾಳದ ಮಕ್ಕಳಿಗೂ ಲಾಭವಿದೆ.

ವಿಶ್ವವಿದ್ಯಾನಿಲಯಗಳು 'ಸ್ಥಳೀಯ ಭಾಷೆ'ಯಲ್ಲಿ ಆ ಪ್ರದೇಶದ ಅಲ್ಪಸಂಖ್ಯಾತರ ಭಾಷೆಯನ್ನೂ ಸೇರಿಸಬೇಕು. ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯವಾಗಲಿ ಕಣ್ಣೂರು ವಿಶ್ವವಿದ್ಯಾನಿಲಯವಾಗಲಿ ಮನಸ್ಸು ಮಾಡಿದರೆ, ಕನ್ನಡದ ಉತ್ತರಪತ್ರಿಕೆ ತಿದ್ದಲು ಪಕ್ಕದ ಕರ್ನಾಟಕದಲ್ಲಿ ಅಧ್ಯಾಪಕರಿಗೆ ಬರವಿಲ್ಲ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಎಂಟನೆಯ ತರಗತಿಯಿಂದಲೇ ಕನ್ನಡದ ಪದದ ಪಕ್ಕದಲ್ಲಿ ಇಂಗ್ಲಿಷಿನದನ್ನೂ ಹಲಗೆಯ ಮೇಲೆ ಬರೆಯುವುದು ಅಧ್ಯಾಪಕರಾದ ನಮ್ಮ ಕೈಯಲ್ಲಿದೆ. ಕಾಲೇಜು ಸೇರಿದ ಅಣ್ಣ, ಅಕ್ಕಂದಿರು ರಜೆಯಲ್ಲಿ ಊರಿಗೆ ಬಂದಾಗ ಕಿರಿಯರನ್ನು ನಾಲ್ಕು ದಿನ ಕೂರಿಸಿಕೊಂಡು ಹೇಳಿಕೊಡಲಿ. ಹೆತ್ತವರು ಪ್ರವೇಶದ ದಿನವೇ ಪ್ರಿನ್ಸಿಪಾಲರನ್ನು ಕಂಡು, ಕನ್ನಡ ಮಾಧ್ಯಮದಿಂದ ಬಂದವರಿಗೆ ಏನು ವ್ಯವಸ್ಥೆಯಿದೆಯೆಂದು ವಿಚಾರಿಸಲಿ. ಕೇಳುವವರಿದ್ದರೆ ತಾನೆ ಕೊಡುವವರು!