ಎರಡು ಸಲ ಹಾಡುವ ಸಾಲು

ಹನುಮಸಾಗರದಲ್ಲಿ ಯಾರಾದರೂ ಬ್ಲೂಸ್ ತಂಡ ಕಟ್ಟಲು ಹೊರಟರೆ ಗಿಟಾರು ಹುಡುಕುವ ಮೊದಲು ಪೇಟಿ ಯಾರ ಮನೆಯಲ್ಲಿದೆ ಎಂದು ಕೇಳಬೇಕು. ಪೇಟಿ ಅಂದರೆ ಹಾರ್ಮೋನಿಯಂ. ಅದು ಸಿಕ್ಕಿತೆಂದರೆ ತಬಲಾ-ಡಗ್ಗಾ ದೂರವಿರುವುದಿಲ್ಲ. ತಾಳ ಗುಡಿಯಲ್ಲೇ ಇರುತ್ತವೆ, ದಮ್ಮಡಿ ಯಾರದೋ ಪಡಸಾಲೆಯ ಗೂಟಕ್ಕೆ ತೂಗಿರುತ್ತದೆ, ಹಿಮ್ಮೇಳಕ್ಕೆ ಕಟ್ಟೆಯ ಮೇಲೆ ಕೂತವರು ಸಾಕು. ಹೊಲ, ಮಗ್ಗ, ಕಿರಾಣಿ ಅಂಗಡಿ, ಸಾಲಿ ಮುಗಿಸಿ ಬಂದ ಐದಾರು ಜನ ಉಂಡ ಮೇಲೆ ಕೂಡಿ ಕೂತರೆ ಭಜನಾ ಮೇಳ ಆಯಿತು. ನಮ್ಮ ಕಡೆಯ ಹವ್ಯಾಸಿ ಬ್ಯಾಂಡ್ ಇದು. ಇದಕ್ಕೂ ಅಮೆರಿಕದ ಕಪ್ಪು ಜನರ ಬ್ಲೂಸ್‌ಗೂ ಇರುವ ನಂಟು ದುಃಖದ್ದು ಎಂದುಬಿಡುವುದು ಸುಲಭ. ಆದರೆ ದುಃಖ ಯಾರ ಹಾಡಿನಲ್ಲಿಲ್ಲ? ನನಗೆ ಕಾಣುವ ನಂಟು ಬೇರೆ: ಎರಡೂ ಹಾಡಿನ ಕಟ್ಟೋಣವೇ ಸಂಗೀತ ಕಲಿಯದವರನ್ನು ಒಳಗೆ ಕರೆದುಕೊಳ್ಳುವಂತಿದೆ.

ಕುಷ್ಟಗಿ ತಾಲ್ಲೂಕಿನ ಹೋಬಳಿ ಊರಾದ ಹನುಮಸಾಗರಕ್ಕೆ ಒಂದು ಕಡೆ ಇಳಕಲ್ಲು, ಇನ್ನೊಂದು ಕಡೆ ಗಜೇಂದ್ರಗಡ. 1997ರವರೆಗೆ ರಾಯಚೂರು ಜಿಲ್ಲೆ, ಆಮೇಲೆ ಕೊಪ್ಪಳ. ಮಸಾರಿ ಮತ್ತು ಎರಿ ಹೊಲಗಳು, ಸಜ್ಜೆ, ಜೋಳ, ಹೆಸರು, ತೊಗರಿ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಬೆಂಗಳೂರು, ಮಂಗಳೂರು, ಗೋವಾ ಎಂದು ದುಡಿಯಲು ಹೋಗುತ್ತಾರೆ. ಸಂಗೀತದ ಲೆಕ್ಕದಲ್ಲಿ ಮಾತ್ರ ಇದು ಬರಗಾಲದ ಸೀಮೆಯಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸ್ವರ ಕಲಿಸಿದರು. ಅಲ್ಲಿ ಕಲಿತವರು ಈ ಸೀಮೆಯ ಮಠ, ನಾಟಕ ಕಂಪನಿ, ಶ್ರಾವಣದ ಪುರಾಣಗಳಲ್ಲೆಲ್ಲ ಪೇಟಿ ಮುಂದೆ ಕೂತರು. ರಂಗನಾಟಕದ ಕಂದಗಲ್ಲ ಹನುಮಂತರಾಯರು ಇಳಕಲ್ಲಿನ ಆಚೆಯವರೇ. ಜಾತ್ರೆಗೆ ನಾಟಕ ಹಚ್ಚುವ ಊರಿಗೆ ಪೇಟಿ ಮಾಸ್ತರ ಬೇಕೇ ಬೇಕು. ಅವರು ತಾಲೀಮಿಗೆಂದು ತಿಂಗಳೊಪ್ಪತ್ತು ಊರಲ್ಲಿ ಉಳಿದರೆ, ಬೆನ್ನ ಹಿಂದೆ ಕೂತು ಬೆರಳು ನೋಡಿದ ಹುಡುಗನೊಬ್ಬ ಮುಂದೆ ಭಜನೆಯ ಪೇಟಿ ಹಿಡಿಯುತ್ತಾನೆ.

ಅತ್ತ ಬ್ಲೂಸ್‌ನ ನೆಲವಾದ ಅಮೆರಿಕದ ಮಿಸಿಸಿಪ್ಪಿಯ ಕಥೆಯೂ ಹೊಲದ್ದೇ. ಕಾಯ್ದೆಯ ಪ್ರಕಾರ ಗುಲಾಮಗಿರಿ 1865ರಲ್ಲಿ ಮುಗಿಯಿತು, ಸಾಲ ಮುಗಿಯಲಿಲ್ಲ. ಬಿಡುಗಡೆಯಾದವರು, ಅವರ ಮಕ್ಕಳು ಅದೇ ಧಣಿಗಳ ಹತ್ತಿ ಹೊಲವನ್ನು ಪಾಲಿಗೆ ಮಾಡಿದರು. ಹಂಗಾಮು ಮುಗಿದಾಗ ಲೆಕ್ಕ ಧಣಿಯ ಕಡೆಗೇ ವಾಲುತ್ತಿತ್ತು. ಬ್ಯಾಂಡ್ ಮಾಸ್ತರನಾಗಿದ್ದ ಡಬ್ಲ್ಯೂ. ಸಿ. ಹ್ಯಾಂಡಿ 1903ರ ಸುಮಾರಿಗೆ ಟಟ್‌ವೈಲರ್ ಎಂಬ ಊರಿನ ರೈಲು ನಿಲ್ದಾಣದಲ್ಲಿ, ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ ಬಡವನನ್ನು ಕೇಳಿದ. ಓದಿಕೊಂಡ ಸಂಗೀತಗಾರ ಬ್ಲೂಸ್‌ಗೆ ಕಿವಿಗೊಟ್ಟ ಗಳಿಗೆ ಎಂದು ಅದನ್ನು ನೆನೆಯುತ್ತಾರೆ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಅಮೆರಿಕದ ಸಂಸತ್ ಗ್ರಂಥಾಲಯಕ್ಕಾಗಿ ಧ್ವನಿಮುದ್ರಣ ಯಂತ್ರ ಹೊತ್ತು ಸ್ಟೋವಾಲ್ ಎಂಬ ಹತ್ತಿ ತೋಟಕ್ಕೆ ಹೋದಾಗ ಸಿಕ್ಕ ಹಾಡುಗಾರ ಮಡ್ಡಿ ವಾಟರ್ಸ್ ಕೂಡ ಹಗಲು ಟ್ರ್ಯಾಕ್ಟರ್ ಹೊಡೆಯುವವನೇ. ಗಿಟಾರು ದುಡಿಮೆ ಮುಗಿದ ಮೇಲಿನ ಮಾತು. ಯಂತ್ರದಿಂದ ತನ್ನದೇ ದನಿ ಹೊರಬಂದದ್ದನ್ನು ಕೇಳಿ ಅವನಿಗೆ ಧೈರ್ಯ ಬಂತು. 1943ರಲ್ಲಿ ಷಿಕಾಗೋ ರೈಲು ಹತ್ತಿದ. 1910ರಿಂದ 1970ರ ನಡುವೆ ಹೀಗೆ ದಕ್ಷಿಣ ಬಿಟ್ಟುಹೋದ ಕಪ್ಪು ಜನ ಸುಮಾರು 60 ಲಕ್ಷ. ನಮ್ಮ ಭಾಷೆಯಲ್ಲಿ ಗುಳೆ.

ಈಗ ಕಟ್ಟೋಣಕ್ಕೆ ಬರೋಣ. ಸಾಮಾನ್ಯ ಬ್ಲೂಸ್ ಹಾಡೊಂದರ ಸುತ್ತು ಹನ್ನೆರಡು ಆವರ್ತನದ್ದು, ಪ್ರತಿ ಆವರ್ತನಕ್ಕೆ ನಾಲ್ಕು ಪೆಟ್ಟು. ಆಧಾರಕ್ಕೆ ಮೂರೇ ಸ್ವರಮೇಳ: ಷಡ್ಜದ್ದು, ಮಧ್ಯಮದ್ದು, ಪಂಚಮದ್ದು. ಮೊದಲ ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಉತ್ತರವೋ ತಿರುವೋ ಬರುತ್ತದೆ. ಪ್ರತಿ ಸಾಲಿನ ಹಿಂದೆ ಖಾಲಿ ಬಿಟ್ಟ ಜಾಗದಲ್ಲಿ ಗಿಟಾರೋ ಮೌತ್ ಆರ್ಗನ್ನೋ ಮಾರುತ್ತರ ಕೊಡುತ್ತದೆ. ಇದರಲ್ಲಿ ಒಂದು ಜಾಣತನವಿದೆ. ಸಾಲನ್ನು ಎರಡನೆಯ ಸಲ ಹಾಡುವಾಗ ಹಾಡುಗಾರನಿಗೆ ಮೂರನೆಯದನ್ನು ನೆನೆಯಲು, ಇಲ್ಲವೇ ಅಲ್ಲೇ ಹೊಸೆಯಲು ವೇಳೆ ಸಿಗುತ್ತದೆ; ಕೇಳುವವನಿಗೆ ಅಷ್ಟರಲ್ಲಿ ಸಾಲು ಬಾಯಿಗೆ ಬಂದಿರುತ್ತದೆ.

ಭಜನೆ ಮೇಳದಲ್ಲಿ ಆಗುವುದೂ ಅದೇ. ಮುಂದಿನವ ಪಲ್ಲ ಎತ್ತುತ್ತಾನೆ, ಹಿಮ್ಮೇಳ ಎರಡೆರಡು ಸಲ ಎತ್ತಿಕೊಡುತ್ತದೆ, ನಡುವೆ ಪೇಟಿ ಒಂದು ಸುತ್ತು ತಿರುಗಿ ಬರುತ್ತದೆ, ಆಮೇಲೆ ನುಡಿ, ನುಡಿ ಮುಗಿದೊಡನೆ ಮತ್ತೆ ಪಲ್ಲ. ಠೇಕಾ ಹೆಚ್ಚಾಗಿ ಎಂಟು ಮಾತ್ರೆಯ ಕೇರವಾ, ಆಗೀಗ ಆರು ಮಾತ್ರೆಯ ದಾದ್ರಾ. ಬ್ಲೂಸ್‌ನ ಷಫಲ್ ಎಂಬ ನಡೆಯಲ್ಲಿ ಪ್ರತಿ ಪೆಟ್ಟನ್ನು ಮೂರು ಭಾಗ ಮಾಡಿ ಮೊದಲನೆಯದನ್ನೂ ಮೂರನೆಯದನ್ನೂ ನುಡಿಸುತ್ತಾರೆ. ದಾದ್ರಾದ ತೂಗಾಟ ಬಲ್ಲ ಕೈಗೆ ಅದು ಒಂದು ಸಂಜೆಯ ಕೆಲಸ. ಇದ್ಯಾವುದಕ್ಕೂ ಸ್ವರಲಿಪಿ ಬೇಕಿಲ್ಲ. ತಪ್ಪಿದರೆ ಪಲ್ಲಕ್ಕೆ ಬಂದು ಕೂಡಿಕೊಂಡರಾಯಿತು.

ಹಾಡುವುದು ಏನನ್ನು? ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಬಳಗದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಇವರಲ್ಲದೆ ರಾಂಪುರದ ಬಕ್ಕಪ್ಪ, ಇತ್ತ ಶಿಶುನಾಳ ಷರೀಫರು ಕಟ್ಟಿದ ತತ್ವಪದಗಳನ್ನು. ಅವು ಇವತ್ತು ಹತ್ತಾರು ಸಂಪುಟಗಳಲ್ಲಿ ಅಚ್ಚಾಗಿವೆ. ಮೇಳದವರ ಕೈಯಲ್ಲಿರುವುದು ಮಾತ್ರ ಅರಿಶಿನ-ಕುಂಕುಮದ ಕಲೆ ಹತ್ತಿದ ನೋಟುಬುಕ್ಕು. ಪದದ ಕೊನೆಗೆ ಅಂಕಿತ ಇರುವುದರಿಂದ ಪದ ಯಾರದೆಂದು ಗೊತ್ತಿರುತ್ತದೆ. ಧಾಟಿಗೆ ಒಡೆಯರಿಲ್ಲ, ಅದು ಊರಿಗೊಂದು. ಬ್ಲೂಸ್‌ನಲ್ಲಿ ಸಾಲುಗಳೂ ಅನಾಥವಾಗಿ ಒಬ್ಬರ ಹಾಡಿನಿಂದ ಇನ್ನೊಬ್ಬರ ಹಾಡಿಗೆ ಅಲೆಯುತ್ತವೆ. ಇನ್ನೊಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ತತ್ವಪದ ಗುರುವಿನ ಪಾದ ಹುಡುಕುತ್ತದೆ. ಬ್ಲೂಸ್ ಬಿಟ್ಟುಹೋದ ಹೆಣ್ಣನ್ನೋ ಗಂಡನ್ನೋ, ಊರು ದಾಟಿಸುವ ರೈಲನ್ನೋ ಹುಡುಕುತ್ತದೆ. ಚರ್ಚಿಗೆ ಹೋಗುವ ಮುದುಕರು ಅದನ್ನು ದೆವ್ವದ ಸಂಗೀತ ಎಂದು ಬೈದದ್ದು ಇದಕ್ಕೇ.

ಮೇಳದ ನಿಜವಾದ ಕಸುವು ಗೊತ್ತಾಗುವುದು ಜಾತ್ರೆಯ ವೇದಿಕೆಯಲ್ಲಲ್ಲ, ಸತ್ತವರ ಮನೆಯಲ್ಲಿ. ಸಂಜೆ ಜೀವ ಹೋದರೆ, ದೂರದ ಮಕ್ಕಳು ಬರಬೇಕಿದ್ದರೆ, ಮಣ್ಣು ಮರುದಿನಕ್ಕೆ ಹೋಗುತ್ತದೆ. ಆ ರಾತ್ರಿ ಹೆಣದ ಮುಂದೆ ಭಜನೆ. ಯಾರೂ ವೀಳ್ಯ ಕೊಟ್ಟು ಕರೆಯುವುದಿಲ್ಲ. ಸುದ್ದಿ ಮುಟ್ಟಿದರೆ ಪೇಟಿ ಹೊತ್ತುಕೊಂಡು ಬರುತ್ತಾರೆ. ಅಂಗಳದಲ್ಲಿ ಜಮಖಾನ, ನಡುನಡುವೆ ಚಹಾ, ಎಲೆಯಡಿಕೆ. ಒಳಗೆ ಹೆಂಗಸರು ಸತ್ತವರ ಗುಣ ಹೇಳಿಕೊಂಡು ಅಳುತ್ತಿರುತ್ತಾರೆ, ಹೊರಗೆ ದೇಹ ಮಣ್ಣಿನದೆಂಬ ಪದ ನಡೆದಿರುತ್ತದೆ. ಎರಡು ದನಿಗೂ ಒಂದೊಂದು ಶ್ರುತಿ, ಯಾರೂ ಯಾರನ್ನೂ ಸುಮ್ಮನಿರಿಸುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಕಣ್ಣು ಎಳೆಯುವಾಗ ಯಾರೋ ಹಿರಿಯರು “ಸುರ ಏರಸ್ರೀ ಮಾಸ್ತರ” ಎನ್ನುತ್ತಾರೆ, ಬಿಳಿ ಒಂದರಲ್ಲಿದ್ದ ಪೇಟಿ ಕರಿ ಎರಡಕ್ಕೆ ಹೋಗುತ್ತದೆ, ಮೇಳ ಎಚ್ಚರಾಗುತ್ತದೆ. ಹೀಗೆ ಹಾಡಿದವರನ್ನು ಕಲಾವಿದರೆಂದು ಯಾರೂ ಶಾಲು ಹೊದಿಸುವುದಿಲ್ಲ. ಅವರೂ ಬಯಸುವುದಿಲ್ಲ, ನಾಳೆ ತಮ್ಮ ಮನೆಗೂ ಮೇಳ ಬರಬೇಕು, ಅಷ್ಟೇ.

ವಾದ್ಯದ ಮಾತು ಹೇಳದಿದ್ದರೆ ಲೇಖನ ಅರ್ಧ. ಪೇಟಿಯೂ ಬ್ಲೂಸ್‌ನವರ ಮೌತ್ ಆರ್ಗನ್ನೂ ಒಂದೇ ಮನೆತನದವು. ಎರಡರಲ್ಲೂ ಹಿತ್ತಾಳೆಯ ಸಣ್ಣ ನಾಲಿಗೆ ಗಾಳಿಗೆ ನಡುಗಿ ನುಡಿಯುತ್ತದೆ. ಒಂದಕ್ಕೆ ತಿದಿಯ ಗಾಳಿ, ಇನ್ನೊಂದಕ್ಕೆ ಉಸಿರು. ಎರಡೂ ಯುರೋಪಿನಲ್ಲಿ ಹುಟ್ಟಿ ಬಡವರ ಕೈ ಸೇರಿದವು. ನೆಲದ ಮೇಲೆ ಕೂತು ಒಂದೇ ಕೈಯಿಂದ ಗಾಳಿ ಹಾಕುವ ಪೇಟಿ 19ನೇ ಶತಮಾನದ ಕಲ್ಕತ್ತದ ಕೊಡುಗೆ. ಪೇಟಿಗೆ ಒಂದು ಕೊರತೆ: ಒಂದು ಸ್ವರದ ಮನೆಯಿಂದ ಇನ್ನೊಂದಕ್ಕೆ ಹಾರುತ್ತದೆ, ಜಾರಲು ಬಾರದು. ಈ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, 1971ರವರೆಗೆ ಬಿಗಿ ಸಡಿಲಿಸಲಿಲ್ಲ. ಹಳ್ಳಿಗಳಿಗೆ ಆ ನಿಷೇಧ ಗೊತ್ತೂ ಆಗಲಿಲ್ಲ. ಜಾರುವ ಕೆಲಸ ಗಂಟಲಿನದು. ಪೇಟಿ ಕೋಮಲ ಗಾಂಧಾರದ ಮನೆಯಲ್ಲಿ ನಿಂತಿರುವಾಗ ಹಾಡುಗಾರ ಅದಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ಎಳೆದು ನಿಲ್ಲುತ್ತಾನೆ, ಆ ತಿಕ್ಕಾಟದಲ್ಲೇ ರುಚಿ. ಬ್ಲೂಸ್‌ನವರು ನೀಲಿ ಸ್ವರ ಎನ್ನುವುದೂ ಹೀಗೆ ಎಳೆದ ಗಾಂಧಾರ, ಪಂಚಮ, ನಿಷಾದಗಳನ್ನು. ಮೌತ್ ಆರ್ಗನ್‌ನಲ್ಲಿ ಉಸಿರನ್ನು ಒಳಗೆಳೆದು ಸ್ವರ ಬಗ್ಗಿಸಬಹುದು. ಅದು ಒದಗಲೆಂದೇ ಅವರು ಹಾಡಿನ ಷಡ್ಜಕ್ಕೆ ಮಧ್ಯಮವಾಗುವ ಶ್ರುತಿಯ ವಾದ್ಯ ಹಿಡಿಯುತ್ತಾರೆ. ನಮ್ಮ ಮೇಳಕ್ಕೆ ಒಂದು ಮೌತ್ ಆರ್ಗನ್ ಸೇರಿಸಿ ನೋಡಿ. ಖರ್ಚು ಹೆಚ್ಚು ಬರಲಿಕ್ಕಿಲ್ಲ.

ಖರ್ಚೆಂದರೆ ನೆನಪಾಯಿತು, ಪೇಟಿಗೆ ಊರಲ್ಲಿ ಪಟ್ಟಿ ಎತ್ತುತ್ತಾರೆ. ಪಟ್ಟಿಯ ಪೇಟಿ ಗುಡಿಯಲ್ಲಿರಬೇಕೋ ಮಾಸ್ತರ ಮನೆಯಲ್ಲೋ ಎಂದು ಜಗಳ ಹುಟ್ಟುತ್ತದೆ. ಮೇಳಗಳು ಒಡೆಯುವುದು ಸ್ವರಕ್ಕಲ್ಲ, ಇಂಥವಕ್ಕೆ. ಅದಕ್ಕಿಂತ ದೊಡ್ಡ ಪೆಟ್ಟು ತಬಲಾದವನು ದುಡಿಯಲು ಮಂಗಳೂರಿಗೆ ಹೋದರೆ ಬೀಳುತ್ತದೆ. ಉಗಾದಿಗೋ ಶ್ರಾವಣಕ್ಕೋ ಅವನು ಬರುವತನಕ ತಾಳದ ಮೇಲೇ ಭಜನೆ. ಬಹುಮಾನದ ಭಜನಾ ಸ್ಪರ್ಧೆಗಳ ಬಗ್ಗೆ ನನಗೆ ಅನುಮಾನವಿದೆ. ಹತ್ತು ನಿಮಿಷದ ಗಂಟೆ, ಒಂದೇ ಬಣ್ಣದ ರುಮಾಲು, ಮೈಕಿನ ಮುಂದೆ ಒಬ್ಬನೇ. ಇಷ್ಟರಲ್ಲಿ ಹಿಮ್ಮೇಳ ಅಲಂಕಾರವಾಗಿಬಿಡುತ್ತದೆ. ಕೀಬೋರ್ಡು ಬಂದದ್ದಕ್ಕೆ ನನ್ನ ತಕರಾರಿಲ್ಲ. ಷಿಕಾಗೋದ ಗದ್ದಲದಲ್ಲಿ ಕೇಳಿಸಲೆಂದು ಮಡ್ಡಿ ವಾಟರ್ಸ್ ಕೂಡ ವಿದ್ಯುತ್ ಗಿಟಾರು ಹಿಡಿದ.

ಹಾಡು ಹೊರಗೆ ಹೋಗಿ ಬೇರೆ ಬಟ್ಟೆ ತೊಟ್ಟು ಬರುವುದೂ ಎರಡೂ ಕಡೆ ಉಂಟು. 1962ರಲ್ಲಿ ಲಂಡನ್ನಿನ ಹುಡುಗರು ಮಡ್ಡಿ ವಾಟರ್ಸ್‌ನ ಹಾಡೊಂದರಿಂದ ಹೆಸರು ಎತ್ತಿಕೊಂಡು ರೋಲಿಂಗ್ ಸ್ಟೋನ್ಸ್ ಆದರು. ಷರೀಫರ ಪದಗಳು ಸಿ. ಅಶ್ವತ್ಥರ ಕ್ಯಾಸೆಟ್ಟು ಮತ್ತು ಷರೀಫರ ಮೇಲಿನ 1990ರ ಸಿನಿಮಾದಿಂದ ಹೊಸ ಧಾಟಿ ಪಡೆದು ಹಳ್ಳಿಗೆ ವಾಪಸಾದವು, ಎಷ್ಟೋ ಕಡೆ ಹಳೆಯ ಧಾಟಿಯನ್ನು ನುಂಗಿಯೂಬಿಟ್ಟವು. ಮುಂದೆ ರಘು ದೀಕ್ಷಿತ್ ಅದೇ ಷರೀಫರನ್ನು ಗಿಟಾರಿನ ಮೇಲೆ ಹಾಡಿದರು. ಬೆಂಗಳೂರಿನಲ್ಲಿ ಬ್ಲೂಸ್ ತಂಡಗಳೇ ಇವೆ; ಹಿಮಾಲಯ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದ ಫಿಲಿಪ್ ಹೇಡನ್ ಮಿನಿಸ್ಟ್ರಿ ಆಫ್ ಬ್ಲೂಸ್ ತಂಡದ ಹಾಡುಗಾರ. ಹಗಲು ಕಚೇರಿ, ರಾತ್ರಿ ಹಾಡು. ಸಂಬಳ ಎಷ್ಟಿದ್ದರೂ ಹವ್ಯಾಸಿಯ ದಿನಚರಿ ಒಂದೇ.

ಭಜನೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಬಾಗಿಲ ಬಗ್ಗೆಯೂ ಹೇಳಬೇಕು. ಬ್ಲೂಸ್, ಊರು ಹೊರಗಿಟ್ಟ ಜನರೇ ಕಟ್ಟಿದ ಸಂಗೀತ. ನಮ್ಮಲ್ಲಿ ಹಲಗಿ ಬಾರಿಸುವವರಿಗಿರುವ ಲಯ ಊರಿಗೆಲ್ಲ ಗೊತ್ತು, ಗುಡಿ ಕಟ್ಟೆಯ ಮೇಳದಲ್ಲಿ ಅವರಿಗೆ ಜಾಗ ಎಲ್ಲ ಕಡೆ ಸಿಕ್ಕಿಲ್ಲ. ತತ್ವಪದಕಾರರ ಗದ್ದಿಗೆಗಳಲ್ಲಿ ಆ ಜಾತಿಯ ಗೆರೆ ತೆಳು, ಮೊಹರಮ್ಮಿನ ರಿವಾಯತ್ ಪದಗಳಲ್ಲೂ ಜಾತಿ-ಧರ್ಮ ಕಲೆತು ಹಾಡುತ್ತವೆ. ಹೆಣ್ಣುಮಕ್ಕಳ ಲೆಕ್ಕವೂ ಹಾಗೇ. ಬ್ಲೂಸ್‌ನ ಮೊದಲ ಗ್ರಾಮಾಫೋನ್ ತಟ್ಟೆಗಳು ಹೆಂಗಸರವು: 1920ರಲ್ಲಿ ಮೇಮಿ ಸ್ಮಿತ್, 1923ರಲ್ಲಿ ಮಾ ರೇನಿ, ಬೆಸ್ಸಿ ಸ್ಮಿತ್. ಈ ಕಡೆ ಸೋಬಾನೆ, ಬೀಸುವ ಪದ, ಸತ್ತಾಗಿನ ಹಾಡುಗರೆ ಎಲ್ಲ ಹೆಂಗಸರದೇ ಆದರೂ ಪೇಟಿ ಗಂಡಸರದಾಗಿತ್ತು. ಈಗ ಮಹಿಳಾ ಭಜನಾ ಮಂಡಳಿಗಳು ಬಂದಿವೆ, ಪೇಟಿ ಹಿಡಿದ ಹುಡುಗಿಯರೂ ಕಾಣುತ್ತಾರೆ. ತಬಲಾಕ್ಕೆ ಮಾತ್ರ ಇನ್ನೂ ಅಣ್ಣನನ್ನೋ ಮಾವನನ್ನೋ ಕರೆದು ಕೂರಿಸುವುದೇ ಹೆಚ್ಚು.