ಭಾರದ ಸಾಮಾನು ಸಾಗಿಸಲು ಮುಯ್ಯಾಳು: ಎತ್ತುವ ಮೊದಲು ಅಳೆಯಿರಿ

ನಮ್ಮ ಚಳ್ಳಕೆರೆ ಕಡೆ ಹೊಸ ಮನೆಗೆ ಹೋಗುವುದು ಹೆಚ್ಚಾಗಿ ವೈಶಾಖ, ಜ್ಯೇಷ್ಠದಲ್ಲಿ. ಆಷಾಢ ಬಂತೆಂದರೆ ಯಾರೂ ಹಾಲು ಉಕ್ಕಿಸುವುದಿಲ್ಲ. ಅದು ಶೇಂಗಾ ಬಿತ್ತನೆಯ ಕಾಲವೂ ಹೌದು. ಹೀಗಾಗಿ ಭಾರದ ಸಾಮಾನು ಹೊರುವ ಕೆಲಸ ಬಿತ್ತನೆಗೆ ಸ್ವಲ್ಪ ಮುಂಚೆಯೇ ಬರುತ್ತದೆ. ಆಗ ಒಬ್ಬನ ಸೊಂಟ ಹಿಡಿದುಕೊಂಡರೆ, ಕಾಲ ಮೇಲೆ ಪೆಟ್ಟಿಗೆ ಬಿದ್ದರೆ, ಅವನ ಮುಂಗಾರೇ ಹೋದಂಗೆ. ಮಳೆಯನ್ನೇ ನಂಬಿದವನಿಗೆ ಮುಂಗಾರು ಹೋದರೆ ವರ್ಷ ಹೋಯಿತು.

ಕಳೆದ ವೈಶಾಖದಲ್ಲಿ ನಮ್ಮ ಹಳೇ ಮಾಳಿಗೆ ಮನೆಯಿಂದ ಹೊಸ ಆರ್‌ಸಿಸಿ ಮನೆಗೆ ಸಾಮಾನು ಸಾಗಿಸಿದೆವು. ಬಂದವರು ಏಳು ಜನ. ಎಲ್ಲರೂ ನನ್ನ ಓರಗೆಯವರೇ, ಐವತ್ತು ದಾಟಿದವರು. ಹುಡುಗರೆಲ್ಲ ಬೆಂಗಳೂರಿನಲ್ಲಿದ್ದಾರೆ. ಕೂಲಿ ಮಾತಿಲ್ಲ, ಮುಯ್ಯಾಳು. ಬೇವಿನ ಮರದ ಕಾಳಿನ ಪೆಟ್ಟಿಗೆ, ಎರಡು ಮಂಚ, ಕಬ್ಬಿಣದ ಬೀರು, ರಾಗಿ ಬೀಸುವ ಕಲ್ಲು ಒಂದೇ ಬೆಳಗಿನಲ್ಲಿ ಒಳಗೆ ಸೇರಿದವು. ಯಾರ ಉಗುರಿಗೂ ಪೆಟ್ಟಾಗಲಿಲ್ಲ. ಹಿಂದಿನ ದಿನವೇ ಟೇಪು ಹಿಡಿದು ಎಲ್ಲಾ ಅಳೆದಿದ್ದೆವು, ಅದರಿಂದ ಅರ್ಧ ಕೆಲಸ ಹಗುರಾಯಿತು.

ಬೀರುವಿನ ಲೆಕ್ಕ

ನಮ್ಮ ಬೀರು 78 ಅಂಗುಲ ಎತ್ತರ, 36 ಅಂಗುಲ ಅಗಲ, 19 ಅಂಗುಲ ದಪ್ಪ. ಅಂಗಡಿಯಲ್ಲಿ ಸಿಗುವ ದೊಡ್ಡ ಬೀರುಗಳು ಬಹುತೇಕ ಇದೇ ಅಳತೆಯವು. ಒಳಕೋಣೆಯ ಬಾಗಿಲು ಎರಡೂವರೆ ಅಡಿ. ಚೌಕಟ್ಟು ಕಳೆದರೆ ಉಳಿಯುವುದು 25-26 ಅಂಗುಲ. ಅದರಲ್ಲಿ ಬೀರುವನ್ನು ಪಕ್ಕಕ್ಕೆ ಮಲಗಿಸಿ ಒಯ್ದರೆ ಸಲೀಸಾಗಿ ಹೋಗುತ್ತದೆ.

ತೊಡಕು ಇರೋದು ಒಳಗೆ ನಿಲ್ಲಿಸುವಾಗ. ಮಲಗಿದ ಬೀರು ಏಳುವಾಗ ಅದರ ಮೂಲೆ ಬೀರುವಿನ ಎತ್ತರಕ್ಕಿಂತ ಮೇಲೆ ಹೋಗಿ ಆಮೇಲೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿದ್ದನ್ನು ಹಾಗೇ ಎಬ್ಬಿಸಿದರೆ 86 ಅಂಗುಲ ಜಾಗ ಬೇಕು. ಬೆನ್ನ ಮೇಲೆ ಮಲಗಿಸಿ ಎಬ್ಬಿಸಿದರೆ 81 ಅಂಗುಲ ಸಾಕು. ಸಜ್ಜಾ ಏಳಡಿಗೆ, ಅಂದ್ರೆ 84 ಅಂಗುಲಕ್ಕೆ ಇದ್ದರೆ ಮೊದಲನೆಯದು ತಗುಲುತ್ತದೆ, ಎರಡನೆಯದು ಏಳುತ್ತದೆ. ಆದ್ದರಿಂದ ಪಕ್ಕಕ್ಕೆ ಮಲಗಿಸಿ ಬಾಗಿಲು ದಾಟಿಸಬೇಕು, ಒಳಗೆ ಹೋದ ಮೇಲೆ ಬೆನ್ನ ಮೇಲೆ ಹೊರಳಿಸಬೇಕು, ಆಮೇಲೆ ಎಬ್ಬಿಸಬೇಕು. ಇದಕ್ಕೆ ದೊಡ್ಡ ಲೆಕ್ಕ ಬೇಡ. ಬೀರುವಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡ ಟೇಪು ಹಿಡಿದರೆ ಗೊತ್ತಾಗ್ತದೆ. ಫ್ಯಾನಿನ ರೆಕ್ಕೆಯನ್ನೂ ನೋಡಿಕೊಳ್ಳಿ.

ಎತ್ತುವುದಕ್ಕಿಂತ ಉರುಳಿಸುವುದು ಮೇಲು

ಪೆಟ್ಟಿಗೆ ಖಾಲಿ ಮಾಡಿ ಮುಚ್ಚಳವನ್ನು ಹಗ್ಗದಿಂದ ಬಿಗಿದೆವು. ಬತ್ತಿದ ಬೋರಿನಿಂದ ಎತ್ತಿದ ಕಬ್ಬಿಣದ ಪೈಪು ಮನೇಲಿತ್ತು. ಅದರ ಮೂರು ತುಂಡನ್ನು ಪೆಟ್ಟಿಗೆಯಡಿ ಕೊಟ್ಟು ತಳ್ಳಿದೆವು. ಹಿಂದೆ ಉಳಿದ ಪೈಪನ್ನು ಒಬ್ಬ ಮುಂದಕ್ಕೆ ತಂದು ಹಾಕುತ್ತಾ ಹೋದ. ಪೈಪು ಕೊಡುವಾಗ ಹಾರೆಯಿಂದ ಮೀಟಬೇಕು, ಬೆರಳು ಅಡಿಗೆ ಹಾಕಲೇಬಾರದು. ಹೊಸ ನೆಲದ ಮೇಲೆ ಪೈಪು ಬೇಡ, ಒದ್ದೆ ಇಲ್ಲದ ಗೋಣಿಚೀಲ ಹಾಸಿ ಎಳೆಯಿರಿ. ಬೀಸುವ ಕಲ್ಲಿನ ಎರಡು ಬಿಲ್ಲೆಗಳನ್ನೂ ಬೇರೆ ಮಾಡಿ ಒಂದೊಂದಾಗಿ ಉರುಳಿಸಿದೆವು. ಮಂಚ ಬಿಚ್ಚುವಾಗ ಕಾಲಿಗೂ ಅದು ಸೇರುವ ಪಟ್ಟಿಗೂ ಇದ್ದಿಲಿಂದ ಒಂದೇ ಅಂಕಿ ಬರೆದರೆ ಜೋಡಿಸುವಾಗ ಗೊಂದಲ ಇರೋದಿಲ್ಲ.

ಎತ್ತಲೇಬೇಕಾದಾಗ ಸಮ ಎತ್ತರದವರು ಎದುರುಬದುರು ನಿಲ್ಲಬೇಕು. ಮೆಟ್ಟಿಲಲ್ಲಿ ಕೆಳಗಿರುವವನ ಮೇಲೆ ಹೆಚ್ಚು ಭಾರ ಬೀಳುತ್ತದೆ, ಅಲ್ಲಿಗೆ ಗಟ್ಟಿ ಆಳು ಬೇಕು. ಮಂಡಿ ಬಗ್ಗಿಸಿ ಏಳಬೇಕು. ತಿರುಗುವಾಗ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಬೇಕು.

ಕೂಗು ಹಾಕುವವನು ಒಬ್ಬನೇ ಇರಲಿ. ನಮ್ಮಲ್ಲಿ ಪಕ್ಕದ ಹೊಲದ ಭಾವನಿಗೆ ಹಳೇ ಸೊಂಟನೋವು. ಅವರನ್ನು ಬರಬೇಡಿ ಅಂದರೆ ಮನಸ್ಸಿಗೆ ನೋವಾಗ್ತದೆ. "ಭಾವ, ನೀವು ಕೈ ಹಾಕಬೇಡಿ, ಐಸಾ ನೀವು ಹೇಳಿ, ನಾವು ಎತ್ತುತೀವಿ" ಅಂದೆ. ಮೊದಲು ಮುಖ ಸಣ್ಣ ಮಾಡಿದರು. ಎರಡನೇ ಸಲಕ್ಕೆ ಅವರ ಗಂಟಲಿಗೇ ಎಲ್ಲರೂ ಹೆಜ್ಜೆ ಹಾಕುತ್ತಿದ್ದರು. "ಇಳಿಸು" ಅನ್ನೋ ಮಾತು ಮಾತ್ರ ಯಾರು ಬೇಕಾದರೂ ಹೇಳಬಹುದು, ಹೇಳಿದ ತಕ್ಷಣ ಇಳಿಸಬೇಕು. ಹೊರುವ ಮೊದಲು ಯಾರಿಗೂ ಹೆಂಡ ಬೇಡ.

ಮನೆ ಕಟ್ಟುವ ಮುಂಚೆ

2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ-ಗ್ರಾಮೀಣದಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರು, ಅಂದ್ರೆ ಸುಮಾರು 269 ಚದರಡಿ. 6 ಅಡಿಗೆ 4 ಅಡಿಯ ಒಂದು ಮಂಚವೇ 24 ಚದರಡಿ ತಿನ್ನುತ್ತದೆ. ಪಾಯದ ಗೆರೆ ಹಾಕುವ ದಿನವೇ ಹಳೇ ಮನೆಯ ದೊಡ್ಡ ಸಾಮಾನು ಎಲ್ಲಿ ಕೂರಬೇಕು, ಯಾವ ಬಾಗಿಲಿಂದ ಹೋಗಬೇಕು ಅಂತ ಗಾರೆಯವರಿಗೆ ತೋರಿಸಿ. ಹಿಡಿಸಲಿಲ್ಲ ಅಂತ ಎಷ್ಟೋ ಜನ ಅಜ್ಜನ ಕಾಲದ ಪೆಟ್ಟಿಗೆಯನ್ನು ಸೌದೆ ಬೆಲೆಗೆ ಕೊಟ್ಟಿದ್ದಾರೆ. ಅಂಥ ಮರ ಈಗ ಎಲ್ಲಿ ಸಿಗ್ತದೆ?

ಪೆಟ್ಟಾದರೆ ಯಾರ ಹೊಣೆ?

ಈ ಮಾತನ್ನು ಮುಯ್ಯಾಳಿನಲ್ಲಿ ಯಾರೂ ಎತ್ತುವುದಿಲ್ಲ, ಸಂಕೋಚ. ನಾವು ಮುಂಚೆಯೇ ಆಡಿಕೊಂಡೆವು. ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆ ಖರ್ಚು ಮನೆಯವನದು. ಅವನ ಹೊಲದ ಬಿತ್ತನೆ ಉಳಿದವರದು. ಇಷ್ಟು ತೀರ್ಮಾನ ಆದ ಮೇಲೆ ಎಲ್ಲರೂ ಧೈರ್ಯವಾಗಿ ಹಗ್ಗ ಹಿಡಿದರು. ಮುದ್ದೆ, ಕಾಳಿನ ಸಾರು ಉಂಡು ಹೋದರು. ಏಳು ಆಳಿನ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಬಿತ್ತನೆಯಲ್ಲಿ ಐದು ತೀರಿಸಿದೆ. ಎರಡು ಬಾಕಿ ಇದೆ, ಶೇಂಗಾ ಕೀಳುವಾಗ ತೀರಿಸಬೇಕು.