ಹಾರ್ಡ್ ಡಿಸ್ಕಿನ ಸೂಚಕ ದೀಪ

ಗಣಕಯಂತ್ರದ ಹಾರ್ಡ್ ಡಿಸ್ಕು ಬರೆಯುತ್ತಿದೆಯೋ ಸುಮ್ಮನಿದೆಯೋ ಎಂಬುದು ಹೊರಗೆ ಕುಳಿತವರಿಗೆ ಕಾಣದು. ಬರೆಯುತ್ತಿರುವಾಗಲೇ ವಿದ್ಯುತ್ತನ್ನು ಕಡಿದರೆ ಕಡತವು ಅರ್ಧಕ್ಕೇ ನಿಂತು ಕೆಡಬಹುದು. 1980ರ ದಶಕದ ಅನೇಕ ಡಿಸ್ಕುಗಳ ಮುಖದ ಮೇಲೆಯೇ ಒಂದು ಸೂಚಕ ದೀಪವಿರುತ್ತಿತ್ತು. ಡಿಸ್ಕು ಪೆಟ್ಟಿಗೆಯ ಒಳಸೇರಿದ ಮೇಲೆ ದೀಪವನ್ನು ಮಾತ್ರ ಹೊರಕ್ಕೆ ತರಬೇಕಾಯಿತು.

ದೀಪವಿಲ್ಲದ ಯಂತ್ರಕ್ಕೆ ಅದನ್ನು ಜೋಡಿಸುವುದು ಕಷ್ಟವಲ್ಲ. ಮೇಜಿನ ಗಣಕಗಳ ಮುಖ್ಯ ಫಲಕದಲ್ಲಿ ಸಾಮಾನ್ಯವಾಗಿ ಇದಕ್ಕೆಂದೇ ಎರಡು ಸೂಜಿಗಳಿರುತ್ತವೆ. ಪ್ರವಾಹವನ್ನು ಮಿತಗೊಳಿಸುವ ರೋಧಕವೂ ಅಲ್ಲಿಯೇ ಇರುತ್ತದೆ. ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆದು, ಎಲ್‌ಇಡಿ ದೀಪದ ಉದ್ದ ಕಾಲನ್ನು ಧನ ಸೂಜಿಗೂ ಗಿಡ್ಡ ಕಾಲನ್ನು ಋಣ ಸೂಜಿಗೂ ತಂತಿಯಿಂದ ಸೇರಿಸಬೇಕು. ಎಲ್‌ಇಡಿಯು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುವುದರಿಂದ, ಕಾಲುಗಳು ಅದಲುಬದಲಾದರೆ ದೀಪ ಬೆಳಗದು.

ತೆರೆಯ ಮೇಲೆ ಎಲ್ಲವೂ ಸ್ತಬ್ಧವಾಗಿ ಕಂಡರೂ ದೀಪ ಮಿನುಗುತ್ತಿದ್ದರೆ ಡಿಸ್ಕು ದುಡಿಯುತ್ತಿದೆ ಎಂದೇ ಅರ್ಥ. ಆಗ ಕಾಯುವುದೇ ಜಾಣತನ.